ರೇಣುಕಾಳ ಹಿಂದುಳಿದ ಕಾಲು

ಈ ಭಾನುವಾರ ಬೆಳಿಗ್ಗೆ ಸ್ಕೂಟಿ ಹತ್ತಿ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನ ಕಡೆ ಹೊರಟಿದ್ದೆ. ಸಿಗ್ನಲ್ಲಿನಲ್ಲಿ ನನ್ನ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಅದರ ತುಂಬ ಮಂಡಕ್ಕಿ ಚೀಲ. ಆಗಷ್ಟೇ ಭಟ್ಟಿಯಿಂದ ಬಂದದ್ದಿರಬೇಕು. ಬಿಸಿ ಮರಳಿನ ವಾಸನೆ, ಅದರ ಹಿಂದೆಯೇ ಸುಟ್ಟ ಹೊಟ್ಟಿನ ಹೊಗೆಯ ವಾಸನೆ. ನೀವಾಗಿದ್ದರೆ ಖಾರ ಮಂಡಕ್ಕಿ, ಮಿರ್ಚಿ ನೆನಪಾಗಿ ಬಾಯಲ್ಲಿ ನೀರೂರುತ್ತಿತ್ತು. ನನಗೆ ಮಾತ್ರ ಮೊದಲು ಎದೆ ಬಿಗಿಯುತ್ತದೆ, ಬಾಯಿಯ ನೀರು ಆಮೇಲೆ. ಸಿಗ್ನಲ್ ಹಸಿರಾದದ್ದೂ ಗೊತ್ತಾಗದೆ ನಿಂತಿದ್ದೆ. ಹಿಂದಿನ ಬೈಕಿನವನು ಹಾರ್ನ್ ಒತ್ತಿ, "ಏನ್ ಮುಹೂರ್ತ ನೋಡ್ತೀರಿ ಮೇಡಂ, ಹೋಗ್ರಿ" ಅಂದ. ಹೋದೆ.

ನಾನು ಭಟ್ಟಿಯವರ ಮಗಳು. ಅಪ್ಪ ಅವ್ವ ಇಬ್ಬರೂ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಅವ್ವ ಒಲೆಯ ಬಾಯಿಗೆ ಹೊಟ್ಟು ತಳ್ಳುವಾಗ ಉಸಿರು ಹಿಡಿದು ಬಗ್ಗುತ್ತಿದ್ದಳು. ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ತುಟಿ ಸಣ್ಣ ಮಾಡಿ ಊದಿದ ಹಾಗೆ ಉಸಿರು ಬಿಡುತ್ತಿದ್ದಳು. ನಾನು ಆ ಶೆಡ್ಡಿನ ಮೂಲೆಯಲ್ಲೇ ಮಗ್ಗಿ ಕಲಿತೆ. ಮಗ್ಗಿಯ ಜೊತೆಗೆ ದಮ್ಮೂ ಬಂತು. ಅಪ್ಪನ ದಮ್ಮು ನನ್ನದಕ್ಕಿಂತ ದೊಡ್ಡದು. ಕೊನೆಯ ದಿನಗಳಲ್ಲಿ ಅವನಿಗೆ ಮಲಗಲು ಆಗುತ್ತಿರಲಿಲ್ಲ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದ, ಕೂತಂತೆಯೇ ಹೋದ. ಅವನ ಎದೆಯಿಂದ ಬರುತ್ತಿದ್ದ ಆ ಸಣ್ಣ ಸಿಳ್ಳೆಯ ಸದ್ದನ್ನು ಅವ್ವ ಇವತ್ತಿಗೂ ಸಂತೆಯ ಗದ್ದಲದಲ್ಲಿ ಗುರುತು ಹಿಡಿಯುತ್ತಾಳೆ.

ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲಿಗಳು ನಾನು. ಡಿಗ್ರಿ ಮಾಡಿದ ಮೊದಲಿಗಳೂ ನಾನೇ. ಆಮೇಲೆ ಎಂ.ಕಾಂ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಂದರ್ಭ ಬರದಿದ್ದರೂ ಹೇಳುತ್ತೇನೆ, ಈಗ ಹೇಳಿದ ಹಾಗೆ. ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ಚಾಕ್‌ಪೀಸಿನ ಪುಡಿಗೂ ಕೆಮ್ಮು ಬರುತ್ತದೆ ಎಂದು ಹುಡುಗರು ನನಗೆ ಇಟ್ಟಿರುವ ಹೆಸರು ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಂಥವಳು ಜಿಯು-ಜಿತ್ಸು ಎಂಬ ಸೆಣಸಾಟ ಕಲಿಯಲು ಹೋದದ್ದಾದರೂ ಹೇಗೆ ಎಂದು ನೀವು ಕೇಳಬೇಕು. ನಾನು ಹೋಗಲಿಲ್ಲ, ನನ್ನನ್ನು ಕಳಿಸಿದರು. ಕಾಲೇಜಿನ ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ಅಂತ ಶುರುವಾಯಿತು, ಜೊತೆಗೆ ಒಬ್ಬ ಲೇಡಿ ಸ್ಟಾಫ್ ಇರಬೇಕು ಅಂದರು. ಮದುವೆಯಾಗದವಳು, ಮನೆಗೆ ಬೇಗ ಓಡಬೇಕಾದ ಅವಸರವಿಲ್ಲದವಳು ನಾನೊಬ್ಬಳೇ. ಬಿ ಬ್ಲಾಕಿನಲ್ಲಿ ಒಂದು ದೋಸೆ ಹೋಟೆಲಿನ ಮಹಡಿ ಮೇಲೆ ಹಾಲ್. ಅಲ್ಲಿ ಕಲಿಸುತ್ತಿದ್ದವರು ಇಮ್ತಿಯಾಜ್ ಸರ್, ಹರಿಹರದ ಹಾಸಿಗೆ ಹೊಲಿಯುವವರ ಮನೆಯವರು. ಮೊದಲ ಮ್ಯಾಟುಗಳನ್ನು ಅವರ ಅಣ್ಣನೇ ಹತ್ತಿ ತುಂಬಿ, ಮೇಲೆ ತಾಡಪಾಲು ಹೊದಿಸಿ ಹೊಲಿದುಕೊಟ್ಟಿದ್ದರಂತೆ. ಹುಡುಗಿಯರು ಪರೀಕ್ಷೆ ಬಂತು ಎಂದು ಒಬ್ಬೊಬ್ಬರೇ ಬಿಟ್ಟರು. ಕಾಯಲು ಹೋದವಳು ಉಳಿದೆ.

ಉಳಿದದ್ದಕ್ಕೆ ಕಾರಣ, ಇದು ಕೆಳಗೆ ಬಿದ್ದವರ ಆಟ. ಬೆನ್ನ ಮೇಲೆ ಮಲಗಿದವಳೂ ಇದರಲ್ಲಿ ಸೋತಂತಲ್ಲ. ಅವಳು ತನ್ನ ಎರಡು ಕಾಲನ್ನು ಎದುರಾಳಿಗೂ ತನಗೂ ನಡುವೆ ಇಟ್ಟುಕೊಂಡು ತಡೆಯುತ್ತಾಳೆ. ಆ ತಡೆಗೆ ಗಾರ್ಡ್ ಅನ್ನುತ್ತಾರೆ. ಮೇಲಿನವಳು ಆ ಕಾಲುಗಳನ್ನು ದಾಟಿ ಪಕ್ಕಕ್ಕೆ ಬಂದು ಎದೆಯ ಮೇಲೆ ಒರಗಿದರೆ ಅದು ಪಾಸ್, ಅವಳಿಗೆ ಮೂರು ಪಾಯಿಂಟು. ಕೆಳಗಿನವಳು ಎದ್ದು ಅವಳನ್ನೇ ಕೆಡವಿದರೆ ಇವಳಿಗೆ ಎರಡು. ಲೆಕ್ಕದ ಮೇಷ್ಟ್ರಿಗೆ ಹಿಡಿಸುವಂಥ ಆಟ. ನನ್ನ ತೊಡಕು ಒಂದೇ ಕಡೆ ಇತ್ತು. ಯಾರಾದರೂ ನನ್ನ ಗಾರ್ಡ್ ದಾಟಿ ಎದೆಯ ಮೇಲೆ ಬಿದ್ದರೆ ಉಳಿದವರಿಗೆ ಮೂರು ಪಾಯಿಂಟು ಹೋಗುತ್ತಿತ್ತು, ನನಗೆ ಉಸಿರೇ ಹೋಗುತ್ತಿತ್ತು. ಆಗ ಅಪ್ಪ ಗೋಡೆಗೆ ಒರಗಿದ್ದು ಕಣ್ಣ ಮುಂದೆ ಬರುತ್ತಿತ್ತು. ಕೈ ತಟ್ಟಿ ಸೋಲೊಪ್ಪಿ, ಮ್ಯಾಟಿನ ಅಂಚಿಗೆ ತೆವಳಿ, ಚಪ್ಪಲಿಯ ಪಕ್ಕ ಬಚ್ಚಿಟ್ಟ ದಮ್ಮಿನ ಪಂಪನ್ನು ಬಾಯಿಗೆ ಹಿಡಿಯುತ್ತಿದ್ದೆ.

ಅತಿ ಹೆಚ್ಚು ಸಲ ನನ್ನ ಎದೆಯ ಮೇಲೆ ಬಿದ್ದವಳು ರೇಣುಕಾ. ಹರಿಹರದವಳು. ಅವಳ ಸೋದರಮಾವ ಅಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವರು, ಹಳೆಯ ಗರಡಿ ಆಳು. ಇವಳು ಕ್ರೀಡಾ ಹಾಸ್ಟೆಲಿನಲ್ಲಿ ಕುಸ್ತಿ ಕಲಿತು, ಡಿಗ್ರಿ ಅರ್ಧಕ್ಕೆ ಬಿಟ್ಟು ಬಂದಿದ್ದಳು. ನನ್ನನ್ನು ಕಂಡರೆ "ಏನ್ ಮೇಡಂ" ಅನ್ನುವಳು. ಆ ಮೇಡಂನಲ್ಲಿ ಮರ್ಯಾದೆಯ ಒಂದು ಚೂರೂ ಇರುತ್ತಿರಲಿಲ್ಲ. ನನ್ನ ಮೊಳಕಾಲ ಹತ್ತಿರ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು, ಕಸದ ಬುಟ್ಟಿ ಸರಿಸಿದ ಹಾಗೆ ಕಾಲುಗಳನ್ನು ಒಂದು ಕಡೆ ಎಸೆದು, ಇನ್ನೊಂದು ಕಡೆಯಿಂದ ಓಡಿ ಬರುತ್ತಿದ್ದಳು. ಬಂದು ಬೀಳುತ್ತಿದ್ದಳು. "ಉಸಿರು ಬಿಡ್ರಿ ಮೇಡಂ, ಹಿಡೀಬ್ಯಾಡ್ರಿ" ಎಂದು ಇಮ್ತಿಯಾಜ್ ಸರ್ ಕೂಗುತ್ತಿದ್ದರು. ಬಿಡಲು ಇದ್ದರಲ್ಲವೇ ಬಿಡುವುದು.

ಆದರೆ ರೇಣುಕಾಳಿಗೂ ಒಂದು ತೊಡಕಿತ್ತು, ಅದು ಗರಡಿಯವರಿಗೆ ಮಾತ್ರ ಇರುವಂಥದ್ದು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು, ಚಿತ್. ಹಾಗಾಗಿ ಅಪಾಯ ಬಂತೆಂದರೆ ಅವರು ಬೋರಲು ಬಿದ್ದು ಮಣ್ಣನ್ನು ಅಪ್ಪಿಕೊಳ್ಳುತ್ತಾರೆ. ಮೇಲಿನವನು ಹೊರಳಿಸಲು ಒದ್ದಾಡಿ ಸುಸ್ತಾಗಲಿ ಎಂದು. ಅಲ್ಲಿ ಅದು ಜಾಣತನ. ನಮ್ಮ ಆಟದಲ್ಲಿ ಬೋರಲು ಬಿದ್ದವಳ ಬೆನ್ನೇರಿ ಕುತ್ತಿಗೆಗೆ ಕೈ ಸುತ್ತಬಹುದು. ರೇಣುಕಾ ಬಿದ್ದಾಗಲೆಲ್ಲ ಬೋರಲಾಗುತ್ತಿದ್ದಳು, ನಾನು ಬೆನ್ನೇರುತ್ತಿದ್ದೆ, ಅವಳು ಬೈಯುತ್ತ ಕೈ ತಟ್ಟುತ್ತಿದ್ದಳು.

"ಗೊತ್ತೈತೆ ನಂಗೆ, ಬೆನ್ನು ಕೊಡಬಾರ್ದು ಅಂತ," ಎಂದು ಒಮ್ಮೆ ಕುತ್ತಿಗೆ ಉಜ್ಜಿಕೊಳ್ಳುತ್ತ ಅಂದಳು. "ಮೈಗೆ ಗೊತ್ತಿಲ್ಲ. ಮೈ ಕೇಳಂಗಿಲ್ಲ."

"ನಿನ್ನ ಮೈಗೆ ನಾನು ಹೇಳಿಕೊಡ್ತೀನಿ," ಅಂದೆ. "ನನ್ನ ಎದೆ ಮೇಲೆ ಬೀಳೋದು ತಪ್ಪಿಸೋದು ಹೆಂಗೆ ಅಂತ ನೀ ಹೇಳು."

ಅವಳು ನಕ್ಕಳು. "ನನ್ನ ಪಾಸಿಗೇ ಔಷಧ ನಾನೇ ಕೊಡ್ಬೇಕಾ? ಭಾಳ ಶಾಣ್ಯಾ ಇದೀಯ ನೀನು."

ಆದರೆ ಕೊಟ್ಟಳು. ಭಾನುವಾರ ಬಸ್ಸು ಹತ್ತಿ ಹರಿಹರಕ್ಕೆ ಹೋಗುತ್ತಿದ್ದೆ. ಅವಳ ಮಾವನ ಅಂಗಡಿಯ ಮೇಲಿನ ಕೋಣೆಯಲ್ಲಿ ತಾಮ್ರದ ತಂತಿಯ ಸುರುಳಿಗಳನ್ನು ಗೋಡೆಗೆ ಸರಿಸಿ, ಎರಡು ಹಳೆಯ ಗಾದಿ ಹಾಸಿ ಅಭ್ಯಾಸ. ವಾರ್ನಿಷಿನ ವಾಸನೆಗೆ ಕಿಟಕಿ ತೆಗೆದಿಡಬೇಕಾಗುತ್ತಿತ್ತು. ಅಲ್ಲಿ ಅವಳು ತೋರಿಸಿದ್ದು ಇಷ್ಟು. ಎದುರಾಳಿ ನಿನ್ನ ಕಾಲು ಎಸೆದು ಸುತ್ತು ಹಾಕಿ ಓಡುವಾಗ ಅವಳ ಭಾರವೆಲ್ಲ ಮುಂದಿನ ಕಾಲಿನ ಮೇಲಿರುತ್ತದೆ. ಹಿಂದಿನ ಕಾಲು ಒಂದು ಕ್ಷಣ ತಡವಾಗಿ ಬರುತ್ತದೆ. ಎಲ್ಲರೂ ಮಾಡುವ ತಪ್ಪೆಂದರೆ, ಹೋದ ಗಾರ್ಡನ್ನೇ ಮತ್ತೆ ಕಟ್ಟಲು ಕಾಲು ಎಳೆದಾಡುವುದು. ಅದನ್ನು ಬಿಡು. ಮೊಳಕೈ ಊರು, ಅಂಗೈ ಊರು, ಎದ್ದು ಕೂಡು, ಆ ಹಿಂದುಳಿದ ಕಾಲನ್ನು ಅಪ್ಪಿಕೊ, ತಲೆಯನ್ನು ಅವಳ ಪಕ್ಕೆಲುಬಿಗೆ ಒತ್ತು, ನಿಲ್ಲು. ನಿಂತ ಮೇಲೆ ಅದು ಜಿಯು-ಜಿತ್ಸು ಅಲ್ಲ, ಕುಸ್ತಿ. ಒಂದು ಕಾಲಲ್ಲಿ ಕುಂಟುತ್ತಿರುವವಳನ್ನು ಕೆಡವುವುದು ಕಷ್ಟವಲ್ಲ.

ನಾನು ಕಾಲು ಹಿಡಿಯುವವರೆಗೆ ಸರಿಯಾಗಿ ಮಾಡುತ್ತಿದ್ದೆ. ಹಿಡಿದ ಮೇಲೆ ಮೊಳಕಾಲ ಮೇಲೆ ಕೂತು ಒಂದು ಉಸಿರು ಎಳೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಮೇಲೆ ಗೋಡೆ ಕುಸಿದ ಹಾಗೆ ಬೀಳುತ್ತಿದ್ದಳು.

"ಕಾಲು ಹಿಡಿದು ಏನ್ ಆಶೀರ್ವಾದ ಕೇಳ್ತೀಯೇನೆ? ಏಳು!"

"ಉಸಿರು..."

"ನಿಂತ ಮ್ಯಾಲೆ ತಗೋ. ಮೊಳಕಾಲ ಮ್ಯಾಲೆ ಕೂತು ಯೋಚ್ನೆ ಮಾಡೋದೆಲ್ಲ ಕಾಲೇಜಿನಾಗ ಇಟ್ಕೋ."

ಹೀಗೆ ನಡೆದಿರುವಾಗ ಹರಿಹರದಲ್ಲೇ ಒಂದು ಸ್ಪರ್ಧೆ ಎಂದು ಇಮ್ತಿಯಾಜ್ ಸರ್ ಹೇಳಿದರು. ಹೆಂಗಸರ ವಿಭಾಗದಲ್ಲಿ ನಮ್ಮ ತೂಕಕ್ಕೆ ಎಷ್ಟು ಜನ ಬರಬಹುದು ಎಂದು ಕುತೂಹಲದಿಂದ ಕೇಳಿದೆ. "ನೀವಿಬ್ಬರೇ," ಅಂದರು. ಫೈನಲ್ ತಲುಪಲು ನಾವು ಮಾಡಬೇಕಾಗಿದ್ದುದು ಬಸ್ಸು ಹತ್ತುವುದೊಂದೇ.

ಆ ಸುದ್ದಿಯನ್ನು ಅವ್ವನಿಗೆ ಹೇಳುವ ಹೊತ್ತಿಗೆ ಅವಳ ತಾಳ್ಮೆ ಮುಗಿದಿತ್ತು. ನಾನು ಕ್ಲಾಸಿನಿಂದ ಬಂದು ಬಾಗಿಲಲ್ಲೇ ಕೂತು ಪಂಪು ಎಳೆಯುವುದನ್ನು ತಿಂಗಳುಗಟ್ಟಲೆ ನೋಡಿದ್ದಳು.

"ನಿನ್ನ ಓದಿಸಿದ್ದು ಆ ಹೊಗಿಯಿಂದ ಹೊರಗೆ ಬರ್ಲಿ ಅಂತ," ಅಂದಳು. "ನೀ ಫೀಸ್ ಕಟ್ಟಿ ಉಸಿರು ಕಟ್ಟಿಸ್ಕೊಂಡು ಬರ್ತೀಯಲ್ಲ! ಯಾಕ, ನಂಗೆ ಒಬ್ಬರು ಹಿಂಗೆ ಹೋಗಿದ್ದು ಸಾಲಲ್ವೇನು?"

ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಾನೂ ಬರ್ತೀನಿ ಹರಿಹರಕ್ಕೆ. ಪಂಪು ನನ್ನ ಕೈಯಾಗಿರ್ತೈತೆ. ಅದು ನಿಂಗೆ ಬೇಕಾತು ಅಂದ್ರ, ನಾಳೆಯಿಂದ ಆ ಹಾಲಿನ ಮೆಟ್ಟಿಲು ಹತ್ತಬ್ಯಾಡ. ಬ್ಯಾಡ ಆತು ಅಂದ್ರ, ನಾನು ಮತ್ತೆ ಮಾತಾಡಂಗಿಲ್ಲ. ಒಪ್ಪಿಗೇನಾ?"

ನಾನು ಸಂಬಳ ತರುವವಳು. ಇಂಥ ಕರಾರಿಗೆ ಒಪ್ಪಲೇಬೇಕೆಂದು ಯಾವ ಕಾನೂನೂ ಇಲ್ಲ. ಆದರೆ ಅವಳು ಯಾರ ಎದೆಯ ಸದ್ದು ಕೇಳುತ್ತ ಎಷ್ಟು ರಾತ್ರಿ ಕೂತಿದ್ದಳು ಎಂಬುದು ನನಗೆ ಗೊತ್ತು. ಒಪ್ಪಿದೆ. ಒಪ್ಪಿದ ಮೇಲೆ ಗೊತ್ತಾಯಿತು, ಆ ಹಾಲ್ ನನಗೆ ಎಷ್ಟು ಬೇಕಾಗಿದೆ ಎಂದು. ಹುಟ್ಟಿದಾಗಿನಿಂದ ಈ ಎದೆಯನ್ನು ಗಾಜಿನ ಸಾಮಾನಿನಂತೆ ಹೊತ್ತುಕೊಂಡು ನಡೆದವಳು ನಾನು. ಅಲ್ಲಿ ಮಾತ್ರ ಅದನ್ನು ಕೆಳಗಿಟ್ಟು ಯಾರ ಜೊತೆಗಾದರೂ ಸೆಣಸಬಹುದಿತ್ತು.

ಸ್ಪರ್ಧೆ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಊಟದ ಹಾಲಿನ ಟೇಬಲ್ಲು ಎತ್ತಿ ಮ್ಯಾಟು ಹಾಸಿದ್ದರು. ಹಿಂದಿನ ದಿನದ ಮದುವೆಯ ಸಾರಿನ ವಾಸನೆ ಇನ್ನೂ ಗೋಡೆಯಲ್ಲಿತ್ತು. ರೇಣುಕಾಳ ಮಾವ ಗರಡಿಯ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಬಂದು ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ಅವರ ತೊಡೆಯ ಮೇಲೆ ಒಂದು ಹೊಸ ರುಮಾಲು, ಕೇಸರಿ ಬಣ್ಣದ್ದು. ಗೆದ್ದವರ ತಲೆಗೆ ಸುತ್ತಲು. ಯಾರು ಗೆಲ್ಲುತ್ತಾರೆಂಬ ಅನುಮಾನ ಅವರಿಗಿದ್ದಂತೆ ಕಾಣಲಿಲ್ಲ. ಅವ್ವ ಮ್ಯಾಟಿನ ಇನ್ನೊಂದು ಅಂಚಿನಲ್ಲಿ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು, ಮುಷ್ಟಿಯೊಳಗೆ ಪಂಪು.

ಕೈ ಮುಟ್ಟಿಸಿ ಶುರು ಮಾಡಿದೆವು. ನಿಂತು ಅವಳ ಜೊತೆ ಸೆಣಸಿದರೆ ನಾನು ಗಾಳಿಯಲ್ಲಿರುತ್ತೇನೆ ಎಂದು ಗೊತ್ತಿದ್ದರಿಂದ, ಅವಳ ತೋಳು ಹಿಡಿದು ನಾನೇ ಕೆಳಗೆ ಕೂತು ಬೆನ್ನ ಮೇಲೆ ಒರಗಿದೆ. ಅಷ್ಟೇ. ಮುಂದಿನ ಕುರ್ಚಿಗಳೆಲ್ಲ ಎದ್ದವು. "ಚಿತ್! ಚಿತ್ ಆತು!" ಮಾವ ರುಮಾಲು ಬಿಚ್ಚಿಕೊಂಡು ಮ್ಯಾಟಿನ ಮೇಲೆಯೇ ಬಂದುಬಿಟ್ಟರು.

"ಹೊರಗೆ ನಡೀರಿ ಯಜಮಾನ್ರೆ, ಇನ್ನೂ ಶುರುವಾಗಿಲ್ಲ," ಎಂದು ರೆಫ್ರಿ ಕೈ ಅಡ್ಡ ಹಿಡಿದ.

"ಬೆನ್ನು ನೆಲ ಕಂಡೈತಲ್ಲೋ ತಮ್ಮಾ! ಇನ್ನೇನು ಶುರು?"

"ಮಾವ, ಹೋಗಿ ಕೂಡ್ರಿ!" ರೇಣುಕಾ ಕಿರುಚಿದಳು. ಅವಳ ಮುಖ ಕೆಂಪಾಗಿತ್ತು. ಜನ ನಕ್ಕರು, ಅವ್ವ ನಗಲಿಲ್ಲ. ನಾನು ಕೆಳಗೆ ಮಲಗಿಕೊಂಡೇ ಇದ್ದೆ. ಕೇಳದೆ ಸಿಕ್ಕ ಬಿಡುವಿನಲ್ಲಿ ಒಂದೆರಡು ಉಸಿರು ಕೂಡಿಟ್ಟುಕೊಂಡೆ.

ಆ ನಾಚಿಕೆಯ ಸಿಟ್ಟನ್ನೆಲ್ಲ ಅವಳು ನನ್ನ ಕಾಲುಗಳ ಮೇಲೆ ತೀರಿಸಿದಳು. ಎಸೆದ ರಭಸಕ್ಕೆ ನನ್ನ ಸೊಂಟವೇ ತಿರುಗಿತು. ಮೊಳಕೈ ಊರುವಷ್ಟರಲ್ಲಿ ಅವಳು ಬಂದಾಗಿತ್ತು, ಬಿದ್ದಾಗಿತ್ತು. ರೆಫ್ರಿ ಮೂರು ಬೆರಳು ಎತ್ತಿದ್ದು ಅವಳ ಭುಜದ ಆಚೆಗೆ ಕಂಡಿತು. ಅವಳ ಎದೆ ನನ್ನ ಎದೆಯ ಮೇಲೆ, ಅವಳ ಭುಜ ನನ್ನ ದವಡೆಯ ಕೆಳಗೆ. ಗಾಳಿ ಅರ್ಧ ಒಳಗೆ ಬಂದು ಅಲ್ಲೇ ನಿಂತಿತು. ಎಲ್ಲೋ ಆಳದಲ್ಲಿ ಒಂದು ಎಳೆ ಬಿಗಿಯಿತು. ಸಿಳ್ಳೆಗೆ ಮುಂಚೆ ಬರುವ ಬಿಗಿತ ಅದು, ನನಗೆ ಹಳೆಯ ಪರಿಚಯ. ಕೈ ತಟ್ಟಿದರೆ ಮುಗಿಯಿತು. ತಟ್ಟಲು ಕೈ ಎತ್ತಿದ್ದೆ ಕೂಡ. ಎತ್ತಿದ ಕೈಯನ್ನು ಅವಳ ಸೊಂಟಕ್ಕೆ ಒತ್ತಿದೆ. ಒಂದು ಬೆರಳಗಲ ಜಾಗವಾಯಿತು, ಅದರೊಳಗೆ ಮೊಳಕಾಲು ತೂರಿಸಿದೆ, ಹೇಗೋ ಎರಡೂ ಕಾಲನ್ನು ಮತ್ತೆ ನಡುವೆ ತಂದೆ. ಅವಳು ಎದ್ದು ನಿಂತು ಮತ್ತೆ ಪ್ಯಾಂಟು ಹಿಡಿದಳು.

ಇನ್ನೊಂದು ಸಲ ಅವಳು ಮೇಲೆ ಬಿದ್ದರೆ ಪಂಪು ಬೇಕೇ ಬೇಕು. ಅದು ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅವಳು ಕೂತಲ್ಲೇ ಮಂಡಿಯ ಮೇಲೆ ಎದ್ದಿದ್ದಳು.

ರೇಣುಕಾ ಎಸೆದಳು, ಸುತ್ತು ಹಾಕಿದಳು. ಈ ಸಲ ನಾನು ಕಾಲುಗಳನ್ನು ಹೋಗಲು ಬಿಟ್ಟೆ. ಗಾರ್ಡ್ ಹೋಗಲಿ. ಮೊಳಕೈ, ಅಂಗೈ; ಕಣ್ಣಿಗೆ ಕಂಡದ್ದು ಅವಳ ಹಿಂದಿನ ಕಾಲಿನ ಮೀನಖಂಡ ಒಂದೇ, ಬಾಗಿಲ ಹೊರಗೆ ಮರೆತ ಚಪ್ಪಲಿಯ ಹಾಗೆ ಅಲ್ಲೇ ಉಳಿದಿತ್ತು. ಅಪ್ಪಿಕೊಂಡೆ. ಮಂಡಿಯ ಮೇಲೆ ಬಂದೆ. ಎದೆ ಒಂದು ಉಸಿರು ಕೇಳಿತು, ಕೊಡಲಿಲ್ಲ. ನಿಂತೆ. ಅವಳು ನನ್ನ ಬೆನ್ನ ಮೇಲೆ ಬಗ್ಗಿ ಒಂದು ಕಾಲಲ್ಲಿ ಕುಪ್ಪಳಿಸಿದಳು, ನನ್ನ ಬೆಲ್ಟು ಹಿಡಿದು ಜಗ್ಗಿದಳು. ತಲೆಯನ್ನು ಪಕ್ಕೆಗೆ ಒತ್ತಿ ಅವಳನ್ನು ಸುತ್ತಿಸಿದೆ. ಬಿದ್ದಳು. ಅವಳನ್ನು ನಾನು ಕೆಡವಿದ್ದು ಅದೇ ಮೊದಲು, ಅದೂ ಅವಳೇ ಕೊಟ್ಟ ಪಟ್ಟಿನಿಂದ.

ಮತ್ತು ಬಿದ್ದವಳು, ಇಷ್ಟು ದಿನ ನಾನು ಬೇಡ ಬೇಡ ಎಂದು ತಿದ್ದಿದ್ದೆಲ್ಲ ಮರೆತು, ಮಾವನ ಎದುರಿಗೆ ಬೆನ್ನು ನೆಲ ಕಾಣದಿರಲಿ ಎಂದು ತಿರುಗಿ ಬೋರಲಾದಳು.

ನಾನು ಬೆನ್ನೇರಿದೆ. ಒಂದು ಕಾಲು ಅವಳ ತೊಡೆಯೊಳಗೆ ಸಿಕ್ಕಿಸಿದ್ದೆ, ಇನ್ನೊಂದು ಸಿಕ್ಕಿಸಿದರೆ ನಾಲ್ಕು ಪಾಯಿಂಟು. ಬಲಗೈ ಗಲ್ಲದ ಕೆಳಗೆ ಹೋಗಿಯೇಬಿಟ್ಟಿತ್ತು. ಆಗ ಆ ಸದ್ದು ಕೇಳಿತು. ಸಣ್ಣ ಸಿಳ್ಳೆ. ಒಂದು ಕ್ಷಣ ಅದು ಅವಳದೋ ನನ್ನದೋ ತಿಳಿಯಲಿಲ್ಲ. ತಲೆ ಎತ್ತಿದರೆ ಅವ್ವ ನಿಂತಿದ್ದಳು. ಅಷ್ಟು ಗದ್ದಲದಲ್ಲಿ ಅವಳಿಗೂ ಕೇಳಿತ್ತು. ಮುಷ್ಟಿ ಬಿಚ್ಚುತ್ತಿತ್ತು.

ಹಿಚುಕಿದರೆ ಗೆಲ್ಲುತ್ತಿದ್ದೆ. ಹಿಚುಕಲು ಉಸಿರು ಹಿಡಿಯಬೇಕು. ಬಿಟ್ಟೆ. ರೇಣುಕಾಳ ಕುತ್ತಿಗೆ ಬಿಟ್ಟು, ಬೆನ್ನು ಬಿಟ್ಟು, ಎದ್ದು ನಿಂತೆ. ಸೊಂಟದ ಮೇಲೆ ಕೈಯಿಟ್ಟು, ತುಟಿ ಸಣ್ಣ ಮಾಡಿ ಊದಿದೆ. ಮತ್ತೆ ಊದಿದೆ. ರೆಫ್ರಿಗೆ ಏನೂ ಅರ್ಥವಾಗದೆ ನನ್ನನ್ನೂ ನೆಲದ ಮೇಲಿದ್ದವಳನ್ನೂ ನೋಡಿದ. ರೇಣುಕಾ ಬೋರಲಾಗಿಯೇ ತಲೆ ಹೊರಳಿಸಿ ನನ್ನನ್ನು ಹುಡುಕುತ್ತಿದ್ದಳು. ಅವಳು ಎದ್ದು ನಿಲ್ಲುವಷ್ಟರಲ್ಲಿ ಸಮಯ ಮುಗಿದ ಸೀಟಿ ಆಯಿತು. ಅವಳಿಗೆ ಮೂರು, ನನಗೆ ಎರಡು. ಅವಳ ಕೈ ಎತ್ತಿದರು. ಮಾವ ಈ ಸಲ ಕೇಳಿಕೊಂಡು ಬಂದು ರುಮಾಲು ಸುತ್ತಿದರು.

ಅವ್ವ ನನ್ನನ್ನು ಮ್ಯಾಟಿನ ಅಂಚಿಗೆ ಕೂಡಿಸಿ ಬೆನ್ನಿಗೆ ಕಿವಿ ಹಚ್ಚಿದಳು. "ಮಾತಾಡಬ್ಯಾಡ." ಸಿಳ್ಳೆ ಇಳಿಯುತ್ತಿತ್ತು, ಸಣ್ಣಗಾಯಿತು, ಇಲ್ಲವಾಯಿತು. ಅವಳು ಕಿವಿ ತೆಗೆಯಲು ಇನ್ನೂ ಬಹಳ ಹೊತ್ತು ಹಿಡಿಯಿತು.

"ಯಾರು ಗೆದ್ದಿದ್ದು?"

"ರೇಣುಕಾ."

"ಹೆಂಗೆ? ಆಕಿ ನೆಲದ ಮ್ಯಾಗಿದ್ದಳು, ನೀ ನಿಂತಿದ್ದಿ."

"ಪಾಯಿಂಟು ಅವ್ವ."

"ಸುಡು ನಿನ್ನ ಪಾಯಿಂಟ," ಎಂದು ಅವಳು ಪಂಪನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡಳು.

ರೇಣುಕಾ ರುಮಾಲಿನ ಸಮೇತ ಬಂದಳು. ಕಣ್ಣಲ್ಲಿ ನೀರಿತ್ತು, ಗೆದ್ದವಳ ನೀರಲ್ಲ. "ಕುತ್ತಿಗೆ ಸಿಕ್ಕಿತ್ತು ನಿಂಗೆ. ಯಾಕ ಬಿಟ್ಟಿ? ಮಾವ ಕೂತಿದ್ದ ಅಂತ ದಯೆ ತೋರ್ಸಿದೇನು?"

"ಉಸಿರಿಗೋಸ್ಕರ ಬಿಟ್ಟೆ ಕಣೆ."

"ಸುಳ್ಳು ಹೇಳ್ತಿ."

ಅವಳು ನಂಬಲಿಲ್ಲ. ಹಲವು ವಾರ ಕ್ಲಾಸಿನಲ್ಲಿ ನನ್ನ ಜೊತೆ ಜೋಡಿಯಾಗಲಿಲ್ಲ, ಮೇಡಂ ಅಂತಲೂ ಅನ್ನಲಿಲ್ಲ. ಕೊನೆಗೊಂದು ದಿನ ತಾನೇ ಬಂದು ಎದುರಿಗೆ ಕೂತು, ಎದುರಾಳಿಗೆ ಬೆನ್ನು ಕೊಡದೆ ತಿರುಗುವುದು ಹೇಗೆಂದು ಮತ್ತೆ ತೋರಿಸು ಅಂದಳು. ನಾನು ಕ್ಲಾಸಿಗೆ ಹೋಗುತ್ತಿದ್ದೆನೆಂದರೆ ಅವ್ವನ ಒಪ್ಪಿಗೆ ಸಿಕ್ಕಿತ್ತು ಎಂದು ನಿಮಗೆ ತಿಳಿದಿರಬೇಕು. ಸ್ಪರ್ಧೆಯ ದಿನ ದಾವಣಗೆರೆಯಲ್ಲಿ ಬಸ್ಸು ಇಳಿಯುವಾಗ ಅವ್ವ, "ನಾಳೆ ಐತೇನು ಕ್ಲಾಸು?" ಅಂದಳು. ಐತೆ ಅಂದೆ. "ಹೋಗು. ಆದ್ರ ಮಲಗಬ್ಯಾಡ, ಎದ್ದು ನಿಂತೇ ಆಡು."

ಆ ಮಾತನ್ನು ನಾನು ಬಹುಕಾಲ ಪಾಲಿಸಿದೆ. ಭಾರ ಬೀಳುವ ಮೊದಲೇ ಏಳುತ್ತಿದ್ದೆ, ಯಾರ ಕಾಲು ಹಿಂದುಳಿದರೂ ಹಿಡಿಯುತ್ತಿದ್ದೆ. ನೋಡಿದವರು ಭಲೇ ಚುರುಕು ಅನ್ನುತ್ತಿದ್ದರು. ಅದು ಹೆದರಿಕೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಈ ಭಾನುವಾರ ಹಾಲಿಗೆ ಹೋದಾಗ ರೇಣುಕಾ ಮುಂಚೆಯೇ ಬಂದಿದ್ದಳು. ಕೈ ಮುಟ್ಟಿಸಿದೆವು. ಅವಳು ಕಾಲು ಎಸೆದಳು, ಸುತ್ತಿದಳು. ಕಾಲು ಕಂಡಿತು, ಹಿಡಿಯಬಹುದಿತ್ತು. ಯಾಕೋ ಹಿಡಿಯಲಿಲ್ಲ. ಬರಲಿ ಎಂದು ಬಿಟ್ಟೆ. ಬಂದು ಎದೆಯ ಮೇಲೆ ಬಿದ್ದಳು, ಅದೇ ಭುಜ, ಅದೇ ಭಾರ. ನಾನು ಸಣ್ಣದಾಗಿ ಬಿಟ್ಟೆ, ಸಣ್ಣದಾಗಿ ಎಳೆದುಕೊಂಡೆ. ಅಷ್ಟೇ ಜಾಗದಲ್ಲಿ ಅದು ಹೋಗಿ ಬರುತ್ತಿತ್ತು. ಕೆಳಗೆ ಹೋಟೆಲಿನಲ್ಲಿ ಯಾರೋ ದೋಸೆಗೆ ಕೂಗುತ್ತಿದ್ದರು. ಒಳಗಿನ ಎಳೆ ಬಿಗಿಯುವುದನ್ನು ಕಾದೆ, ಬಿಗಿಯಲಿಲ್ಲ.

"ಏನ್ ಮೇಡಂ, ಸತ್ತೇನು? ಏಳು," ರೇಣುಕಾ ಕಿವಿಯ ಹತ್ತಿರ ಅಂದಳು.

"ಇರು. ಏನು ಗಡಿಬಿಡಿ ಐತೆ?"

ಅವಳಿಗೆ ಇರುಸುಮುರುಸಾಯಿತು. ಒದ್ದಾಡುವವಳನ್ನು ಹಿಡಿಯಲು ಅವಳಿಗೆ ಬರುತ್ತದೆ, ಸುಮ್ಮನಿರುವವಳನ್ನು ಏನು ಮಾಡಬೇಕೆಂದು ತೋಚಲಿಲ್ಲ. ನಾನು ಇನ್ನೊಂದು ಉಸಿರು ಎಳೆದುಕೊಂಡೆ, ಇನ್ನೊಂದು. ಕೊನೆಗೆ ಅವಳೇ ತಡೆಯಲಾರದೆ ಭಾರವನ್ನು ಒಂದಿಷ್ಟು ಆ ಕಡೆಗೆ ಸರಿಸಿದಳು. ಆಗ ಮೊಳಕೈ ಊರಿದೆ.